ಓದು ಮತ್ತು ಲೆಕ್ಕಕ್ಕೆ ಸಂಜೆಯ ಪಾಠ: ವಿಜಯಪುರದಲ್ಲಿ ಐದು ತಿಂಗಳ ಅನುಭವ

ನಾಲ್ಕನೆಯ ತರಗತಿಯ ನನ್ನ ಮಗಳು ಓದಿನಲ್ಲಿಯೂ ಲೆಕ್ಕದಲ್ಲಿಯೂ ಹಿಂದೆ ಬಿದ್ದಾಗ, ವಿಜಯಪುರದ ಜಲನಗರದಲ್ಲಿ ಶಾಲೆ ಬಿಟ್ಟ ಮೇಲೆ ನಡೆಯುವ ಒಂದು ಸಣ್ಣ ಪಾಠಕೇಂದ್ರಕ್ಕೆ ಅವಳನ್ನು ಸೇರಿಸಿದೆವು.

ಮೊದಲ ದಿನ ಶಿಕ್ಷಕಿ ಏನನ್ನೂ ಕಲಿಸದೆ, ಒಂದು ಪುಟ ಓದಿಸಿ, ಮಗು ಎಲ್ಲೆಲ್ಲಿ ತಡವರಿಸುತ್ತದೆಂದು ಗುರುತು ಮಾಡಿಕೊಂಡರು. ಅವಳು ‘ಸೂರ್ಯ’ ಎಂಬುದನ್ನು ‘ಸೂಯ್ರ’ ಎಂದು ಓದುತ್ತಿದ್ದಳು. ಅರ್ಕಾವತ್ತು ಬರಹದಲ್ಲಿ ಅಕ್ಷರದ ನಂತರ ನಿಂತರೂ ಉಚ್ಚಾರದಲ್ಲಿ ಮೊದಲು ಬರುತ್ತದೆಂಬುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮನೆಯಲ್ಲಿ ನಾವೂ ಅದನ್ನು ಅಜಾಗರೂಕತೆ ಎಂದೇ ಗದರಿಸುತ್ತಿದ್ದೆವು. ‘ಕಾರ್ಯ’, ‘ಧೈರ್ಯ’, ‘ವರ್ಷ’ಗಳನ್ನು ನಿತ್ಯ ಗಟ್ಟಿಯಾಗಿ ಓದಿಸಿದ ಮೇಲೆ ಆ ತಪ್ಪು ನಿಂತಿತು.

ಲೆಕ್ಕದಲ್ಲಿಯೂ ಇದೇ ಕ್ರಮ. 402ರಿಂದ 178 ಕಳೆಯಲು ಹೇಳಿದರೆ ಅವಳು ಪ್ರತಿ ಸ್ಥಾನದಲ್ಲಿಯೂ ದೊಡ್ಡದರಿಂದ ಚಿಕ್ಕದನ್ನು ಕಳೆದು 376 ಎಂದು ಬರೆಯುತ್ತಿದ್ದಳು. ಶಿಕ್ಷಕಿ ಕಡ್ಡಿಗಳ ಕಟ್ಟುಗಳನ್ನು ಮುಂದಿಟ್ಟು, ನೂರರ ಒಂದು ಕಟ್ಟನ್ನು ಬಿಚ್ಚಿ ಹತ್ತರ ಹತ್ತು ಕಟ್ಟುಗಳನ್ನಾಗಿಸಿ, ಅವುಗಳಲ್ಲೊಂದನ್ನು ಮತ್ತೆ ಬಿಡಿಯಾಗಿಸಿದಾಗ, ಸೊನ್ನೆಯ ಜಾಗದಲ್ಲಿ 9 ಹೇಗೆ ಉಳಿಯುತ್ತದೆಂಬುದನ್ನು ಅವಳು ಕಣ್ಣಾರೆ ಕಂಡಳು. 224 ಎಂದು ತಾನೇ ಹೇಳಿದ ಆ ಸಂಜೆಯ ಅವಳ ಮುಖವನ್ನು ನಾನು ಮರೆಯಲಾರೆ.

ಶುಲ್ಕ ನಮಗೆ ಹೊರೆಯಾಗಿಲ್ಲ. ಆದರೆ ಪರೀಕ್ಷೆ ಹತ್ತಿರ ಬಂದಂತೆ ಆರು ಮಕ್ಕಳ ಗುಂಪು ಹನ್ನೆರಡಕ್ಕೇರಿತು. ಒಬ್ಬೊಬ್ಬರ ಓದನ್ನು ಕೇಳಿಸಿಕೊಳ್ಳುವ ಆ ಸಮಯವೇ ಈ ಪಾಠದ ಜೀವಾಳವಾದ್ದರಿಂದ, ಸೇರಿಸುವ ಮುನ್ನ ಗುಂಪಿನ ಮಿತಿಯನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು.