ಬೆಳಗಾವಿಯ ಆಕ್ಸಿಜನ್ ಚೇಂಬರ್: ಬೋರ್ಡಿನಲ್ಲಿ 1.3, ಲೆಕ್ಕ ಹಾಕಿದರೆ 1.21

ಟಿಳಕವಾಡಿ ಕಡೆಯ ಈ ಕೇಂದ್ರದಲ್ಲಿರುವುದು ಮೆತ್ತನೆಯ ಚೇಂಬರ್. ಒಬ್ಬರು ಮಲಗುವಷ್ಟು ಉದ್ದದ ಚೀಲ, ಜೋಡಿ ಜಿಪ್, ಹೊರಗೆ ಕಂಪ್ರೆಸರ್, ಪಕ್ಕದಲ್ಲಿ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಮಾಸ್ಕಿಗೆ ಕೊಡುವ ನಿಮಿಷಕ್ಕೆ 10 ಲೀಟರಿನ ಕಾನ್ಸಂಟ್ರೇಟರ್. ಒಂದು ತಾಸು ಮಲಗಿದರೆ ಓಡಲು ದಮ್ಮು ಬರುತ್ತದೆ, ಹೃದಯ ಗಟ್ಟಿಯಾಗುತ್ತದೆ ಅಂತ ಬೋರ್ಡು.

ಅದೇ ಬೋರ್ಡಿನಲ್ಲಿ ‘1.3 ಎಟಿಎ’ ಎಂದಿದೆ (ಎಟಿಎ ಎಂದರೆ ಹೊರಗಿನ ಗಾಳಿಯದೂ ಸೇರಿದ ಒಟ್ಟು ಒತ್ತಡ, ಸಮುದ್ರಮಟ್ಟದಲ್ಲಿ ಅದು 1), ಒಳಗಿನ ಗೇಜ್ ತೋರಿಸುವುದು 0.3. ಗೇಜ್ ಹೇಳುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚು ಎಂಬುದನ್ನಷ್ಟೇ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿಯ ಗಾಳಿಯ ಒತ್ತಡವೇ 0.91ರ ಆಸುಪಾಸು. ಕೂಡಿಸಿದರೆ 1.21. ಮಾಸ್ಕ್ ಇಲ್ಲದೆ ಮಲಗಿದವರಿಗೆ ಸಿಗುವುದು ಕಾರವಾರದ ದಂಡೆಯಲ್ಲಿ ಕೂತು ಶೇ. 25 ಆಕ್ಸಿಜನ್ ಇರುವ ಗಾಳಿ ಕುಡಿದಷ್ಟು. ಮಾಸ್ಕ್ ಸಡಿಲವಾಗಿದ್ದರೆ ಕಾನ್ಸಂಟ್ರೇಟರಿನ ಆಕ್ಸಿಜನ್ ಒಂದಿಷ್ಟು ಸೋರಿಹೋಗುತ್ತದೆ.

ಆರೋಗ್ಯವಂತರ ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್ ಮೊದಲೇ ಶೇ. 97–98 ತುಂಬಿರುತ್ತದೆ. ಹೆಚ್ಚಿನದ್ದು ರಕ್ತದ ನೀರಿನ ಭಾಗವಾದ ಪ್ಲಾಸ್ಮಾದಲ್ಲಿ ಒಂದಿಷ್ಟು ಕರಗುತ್ತದೆ, ಜಿಪ್ ತೆಗೆದ ಕೆಲವೇ ನಿಮಿಷದಲ್ಲಿ ಅದೂ ಹೋಗುತ್ತದೆ. ವ್ಯಾಕ್ಸಿನ್ ಡಿಪೋ ಮೈದಾನಕ್ಕೆ ಹೋಗಿ ಓಡಲು ನಿಲ್ಲುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಹೊರಬಂದವರ ಬೆರಳಿಗೆ ಆಕ್ಸಿಮೀಟರ್ ಹಾಕಿ ‘ನಾಡಿ ಇಳಿದಿದೆ ನೋಡ್ರಿ’ ಎನ್ನುತ್ತಾರೆ. ಆಕ್ಸಿಜನ್ ಹೆಚ್ಚಾದರೆ ರಕ್ತನಾಳ ಸ್ವಲ್ಪ ಬಿಗಿಯುತ್ತದೆ, ನಾಡಿ ನಿಧಾನವಾಗುತ್ತದೆ, ಅದು ನಿಜ. ಆದರೆ ಸುಮ್ಮನೆ ಒಂದು ತಾಸು ಅಡ್ಡಾದರೂ ನಾಡಿ ಇಳಿಯುತ್ತದೆ! ಮಧುಮೇಹದ ಕಾಲು ಹುಣ್ಣಿಗೆ ಆಸ್ಪತ್ರೆಗಳಲ್ಲಿ ಕೊಡುವುದು ಗಟ್ಟಿ ಚೇಂಬರಿನಲ್ಲಿ 2 ಎಟಿಎ ಅಥವಾ ಅದಕ್ಕೂ ಮೇಲೆ, ಶೇ. 100 ಆಕ್ಸಿಜನ್. ಆ ಫಲಿತಾಂಶವನ್ನು ಈ ಚೀಲಕ್ಕೆ ಅಂಟಿಸುವುದು ಸರಿಯಲ್ಲ. ಅಮೆರಿಕದ ಔಷಧ-ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೆತ್ತನೆಯ ಚೇಂಬರಿಗೆ ಒಪ್ಪಿಗೆ ಕೊಟ್ಟಿದ್ದು ಎತ್ತರದ ಬೆಟ್ಟದಲ್ಲಿ ಬರುವ ಕಾಯಿಲೆಗೆ ಮಾತ್ರ.

ಸಿಬ್ಬಂದಿ ಮೊಬೈಲ್ ಇಸಿದುಕೊಳ್ಳುತ್ತಾರೆ, ಹತ್ತಿ ಬಟ್ಟೆ ಕೊಡುತ್ತಾರೆ, ತಲೆಗೆ ಎಣ್ಣೆ ಹಚ್ಚಿದ್ದೀರಾ ಎಂದೂ ಕೇಳುತ್ತಾರೆ. ಬೆಂಕಿಯ ಭಯಕ್ಕೆ ಇದು ಬೇಕೇ ಬೇಕು. ನೆಗಡಿ ಇದ್ದರೆ ಕಿವಿ ಒತ್ತಡಕ್ಕೆ ಹೊಂದಿಕೊಳ್ಳುವುದು ಕಷ್ಟ, ಅದಿದೆಯೇ ಎಂದು ಮಾತ್ರ ಕೇಳುವುದಿಲ್ಲ. ಒತ್ತಡವನ್ನು ಮೂರು ನಿಮಿಷದಲ್ಲಿ ಏರಿಸುತ್ತಾರೆ, ಕಿವಿ ನೋಯುವುದು ಅದಕ್ಕೇ. ಎಂಟು-ಹತ್ತು ನಿಮಿಷ ತೆಗೆದುಕೊಳ್ಳಲು ಹೇಳಿ, ನಡುನಡುವೆ ಉಗುಳು ನುಂಗಿ, ಇಲ್ಲವೇ ಮೂಗು ಹಿಡಿದು ಮೆಲ್ಲಗೆ ಊದಿ. ಆಗಲೂ ಕಿವಿ ಬಿಡದಿದ್ದರೆ ಏರಿಸುವುದನ್ನು ನಿಲ್ಲಿಸಿ ಸ್ವಲ್ಪ ಇಳಿಸಬೇಕು. ಹೃದಯದ ಪಂಪಿಂಗ್ ಕಡಿಮೆ ಇರುವವರು ಹೃದಯತಜ್ಞರನ್ನು ಕೇಳದೆ ಮಲಗಬಾರದು. ಶ್ವಾಸಕೋಶದ ಸುತ್ತ ಗಾಳಿ ಸೇರಿದವರು ಅದು ವಾಸಿಯಾಗುವವರೆಗೆ ಇತ್ತ ಬರಲೇಬಾರದು.

ಕರೆಂಟ್ ಹೋದರೆ ಕಂಪ್ರೆಸರ್ ನಿಲ್ಲುತ್ತದೆ, ಹೊಸ ಗಾಳಿ ಬರುವುದಿಲ್ಲ, ಬಿಟ್ಟ ಉಸಿರು ಒಳಗೇ ತುಂಬುತ್ತದೆ. ಆಗ ಒಳಗಿನಿಂದಲೇ ಗಾಳಿ ಬಿಡುವ ವಾಲ್ವ್ ಕೈಗೆ ಸಿಗಬೇಕು. ಇಲ್ಲಿ ವಾಲ್ವ್ ಇದೆ, ತಲೆದಿಂಬಿನ ಹಿಂದೆ ಮುಚ್ಚಿಹೋಗಿದೆ. ದಿಂಬು ಸರಿಸಿ, ಜಿಪ್ ಎಳೆಯುವ ಮೊದಲು ಒಮ್ಮೆ ನೀವೇ ತಿರುಗಿಸಿ ನೋಡಿ.