ಬೆಕ್ಕಿಗೆ ಇನ್ಸುಲಿನ್ ಕೊಡುತ್ತಿದ್ದೀರಾ? ಸಿರಿಂಜಿನ ಮೇಲೆ ಬರೆದಿರುವುದನ್ನು ಓದಿ

ನಮ್ಮ ತಿಮ್ಮನಿಗೆ 13 ವರ್ಷ. ಹೋದ ವರ್ಷ ಇದ್ದಕ್ಕಿದ್ದಂತೆ ನೀರು ಜಾಸ್ತಿ ಕುಡಿಯತೊಡಗಿದ. ಚೆನ್ನಾಗಿ ತಿಂದರೂ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಅವನು ಉಚ್ಚೆ ಹೊಯ್ದ ಕಡೆ ಇರುವೆ ಮುತ್ತುತ್ತಿದ್ದವು. ಪರೀಕ್ಷೆ ಮಾಡಿಸಿದರೆ ಸಕ್ಕರೆ ಕಾಯಿಲೆ. ಡಾಕ್ಟರು ಗ್ಲಾರ್ಜಿನ್ ಇನ್ಸುಲಿನ್ ಬರೆದುಕೊಟ್ಟರು. 12 ಗಂಟೆಗೊಮ್ಮೆ, ಊಟದ ಜೊತೆ. ಕೆಲವು ವಾರಗಳಲ್ಲಿ 2 ಯೂನಿಟ್‌ಗೆ ಬಂದು ನಿಂತಿತು. ಹಾಲನ್ನ ಬಿಡಿಸಿದೆವು. ಚುಚ್ಚುವುದು ನನಗೂ ರೂಢಿಯಾಯಿತು, ಅವನಿಗೂ.

ಒಂದು ಭಾನುವಾರ ಸಂಜೆ ಸಿರಿಂಜ್ ಮುಗಿದಿತ್ತು. ಹತ್ತಿರದ ಮೆಡಿಕಲ್ ಶಾಪಿಗೆ ಓಡಿ "ಇನ್ಸುಲಿನ್ ಸಿರಿಂಜ್ ಕೊಡಿ" ಅಂದೆ. ಕೊಟ್ಟರು. ಯಾವ ಇನ್ಸುಲಿನ್ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಚ್ಚಳ ಕೆಂಪಗಿತ್ತು. ಮೊದಲಿನದು ಕಿತ್ತಳೆ ಬಣ್ಣದ್ದು. ಬೇರೆ ಕಂಪನಿಯದಿರಬೇಕು ಅಂದುಕೊಂಡು 2ರ ಗೆರೆಯವರೆಗೆ ಎಳೆದು ಚುಚ್ಚಿದೆ.

ರಾತ್ರಿ ಹನ್ನೊಂದರ ಹೊತ್ತಿಗೆ ಮಂಚದ ಕೆಳಗಿಂದ ವಿಚಿತ್ರವಾಗಿ ಕೂಗಿದ. ಎಳೆದು ನೋಡಿದರೆ ಜೊಲ್ಲು ಸುರಿಯುತ್ತಿದೆ, ಕಣ್ಣಿನ ಪಾಪೆ ಅಗಲವಾಗಿದೆ, ಹಿಂಗಾಲು ನಿಲ್ಲುತ್ತಿಲ್ಲ. ಕರೆದರೆ ನನ್ನ ಗುರುತೇ ಇಲ್ಲ. ಕಿವಿಯ ಅಂಚಿಗೆ ಚುಚ್ಚಿ ಗ್ಲುಕೋಮೀಟರ್‌ನಲ್ಲಿ ನೋಡಿದೆ: 32. ಸಕ್ಕರೆ ತೀರಾ ಕೆಳಗಿಳಿದಿತ್ತು. ಅಷ್ಟರಲ್ಲಿ ಫಿಟ್ಸ್ ಬಂತು.

ಡಾಕ್ಟರಿಗೆ ಫೋನ್ ಮಾಡಿದೆ. ಬಾಯಿಗೆ ಏನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ, ವಸಡಿಗೆ ಜೇನುತುಪ್ಪ ಸವರಿ ಕರೆತನ್ನಿ ಅಂದರು. ಹಲ್ಲಿನ ನಡುವೆ ಬೆರಳು ಹೋಗದ ಹಾಗೆ ಸವರಿದೆ. ಆಟೋದಲ್ಲಿ ಸ್ವಲ್ಪ ತಲೆ ಎತ್ತಿದ. ವಾಪಸ್ ಹೋಗೋಣ ಅಂತ ಮನಸ್ಸಿಗೆ ಬಂದದ್ದು ನಿಜ. ಹೋಗಲಿಲ್ಲ, ಸದ್ಯ. ಜೇನಿನ ಶಕ್ತಿ ಸ್ವಲ್ಪ ಹೊತ್ತಿನದು, ಇನ್ಸುಲಿನ್ ಗಂಟೆಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ. ಎರಡು ದಿನ ಡ್ರಿಪ್‌ನಲ್ಲಿ ಗ್ಲೂಕೋಸ್ ಕೊಟ್ಟು ಉಳಿಸಿದರು.

ಆಗಿದ್ದು ಇಷ್ಟೇ. ನಮ್ಮಲ್ಲಿ 1 ಮಿ.ಲೀ.ಗೆ 40 ಯೂನಿಟ್ ಇರುವ ಇನ್ಸುಲಿನ್ನೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. ಎರಡಕ್ಕೂ ಸಿರಿಂಜ್ ಬೇರೆ. ಕೆಂಪು ಮುಚ್ಚಳದ್ದು ಯು-40, ಕಿತ್ತಳೆಯದು ಯು-100. ನಮ್ಮ ಗ್ಲಾರ್ಜಿನ್ ಬಾಟಲಿ 100ರದ್ದು. ಕೆಂಪು ಸಿರಿಂಜಿನ 2ರ ಗೆರೆಗೆ ಎಳೆದಾಗ ಒಳಗೆ ಬಂದದ್ದು 5 ಯೂನಿಟ್. ಎರಡೂವರೆ ಪಟ್ಟು! ಉಲ್ಟಾ ಆದರೂ ಕಷ್ಟ, ಅರ್ಧದಷ್ಟೂ ಮದ್ದು ಹೋಗುವುದಿಲ್ಲ. ಬಣ್ಣವನ್ನಷ್ಟೇ ನಂಬಬೇಡಿ. ಬಾಟಲಿ ಮೇಲಿನ ಸಂಖ್ಯೆ, ಸಿರಿಂಜ್ ಮೇಲಿನ ಸಂಖ್ಯೆ ಎರಡನ್ನೂ ಓದಿ. ಎರಡೂ ಒಂದೇ ಇರಬೇಕು.

ಇನ್ನೊಂದು ಮಾತು. ಅವತ್ತು ಅವನು ಅರ್ಧ ಊಟ ಬಿಟ್ಟಿದ್ದ, ನಾನು ಹಾಗೇ ಚುಚ್ಚಿದ್ದೆ. ಬೆಕ್ಕು ಸರಿಯಾಗಿ ತಿನ್ನದಿದ್ದರೆ ಡಾಕ್ಟರನ್ನು ಕೇಳದೆ ಸುಮ್ನೆ ಚುಚ್ಚಬೇಡಿ. ಚುಚ್ಚಿದೆವೋ ಇಲ್ಲವೋ ಅಂತ ಅನುಮಾನ ಬಂದರೆ ಎರಡನೇ ಸಲ ಕೊಡಲೇಬೇಡಿ. ಒಂದು ಹೊತ್ತು ತಪ್ಪಿದರೆ ಸಾಮಾನ್ಯವಾಗಿ ತಡೆಯುತ್ತದೆ, ಜಾಸ್ತಿಯಾದರೆ ತಡೆಯುವುದಿಲ್ಲ.

ಈಗ ಅಂಗಡಿಗೆ ಹೋಗುವಾಗ ಖಾಲಿ ಬಾಟಲಿ ಚೀಲದಲ್ಲಿರುತ್ತದೆ. ಅದನ್ನು ಕೌಂಟರ್ ಮೇಲಿಟ್ಟು, "ಇದಕ್ಕೆ ಆಗುವ ಸಿರಿಂಜ್ ಕೊಡಿ, ಯು-100" ಅನ್ನುತ್ತೇನೆ. ಇಲ್ಲ ಅಂದರೆ ಮುಂದಿನ ಅಂಗಡಿಗೆ ಹೋಗುತ್ತೇನೆ.