ಪ್ರೂಫ್ ಚೆನ್ನಾಗಿದೆ, ಇಂಗ್ಲಿಷ್ ಸ್ವಲ್ಪ ಹಳತು: ತುಮಕೂರಿನ ಒಂದು ಡಿಟಿಪಿ ಅಂಗಡಿ

ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘದ ಸ್ಮರಣ ಸಂಚಿಕೆಯ ಇಂಗ್ಲಿಷ್ ವಿಭಾಗವನ್ನು, ಒಟ್ಟು 32 ಪುಟ, ತುಮಕೂರಿನ ಒಂದು ಡಿಟಿಪಿ ಅಂಗಡಿಗೆ ಕೊಟ್ಟಿದ್ದೆವು. ಅಕ್ಷರ ಜೋಡಣೆಯೂ ಪ್ರೂಫೂ ಸೇರಿ ಪುಟಕ್ಕೆ 60 ರೂಪಾಯಿ. ಹೇಳಿದ ದಿನಕ್ಕೆ ಕೆಲಸ ಮುಗಿಯಿತು; ಪುಟವಿನ್ಯಾಸದ ಬಗ್ಗೆ ತಕರಾರಿಲ್ಲ.

ಪ್ರೂಫ್ ನೋಡುವವರು ನಿವೃತ್ತ ಮೇಷ್ಟರು. ವ್ಯಾಕರಣದಲ್ಲಿ ಗಟ್ಟಿಗರು, ನಮ್ಮ ಲೇಖಕರ ಕ್ರಿಯಾಪದದ ತಪ್ಪುಗಳಲ್ಲಿ ಒಂದೂ ಅವರ ಕಣ್ತಪ್ಪಿಸಿಲ್ಲ. ಆದರೆ ‘ಇಂಟರ್‌ನೆಟ್’ ಬಂದಲ್ಲೆಲ್ಲ ಮೊದಲ ಅಕ್ಷರವನ್ನು ಕೆಂಪು ಶಾಯಿಯಲ್ಲಿ ಕ್ಯಾಪಿಟಲ್ ಮಾಡಿದ್ದರು, ‘ಇಮೇಲ್’ ನಡುವೆ ಅಡ್ಡಗೆರೆ ಹಾಕಿದ್ದರು. ಇವು ತಪ್ಪಲ್ಲ, ಹಳೆಯ ರೂಢಿ. ಅಮೆರಿಕದ ಪತ್ರಿಕೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಸೋಸಿಯೇಟೆಡ್ ಪ್ರೆಸ್ ಶೈಲಿ ಕೈಪಿಡಿಯೂ ಹಾಗೆಯೇ ಬರೆಯುತ್ತಿತ್ತು. 2011ರಲ್ಲಿ ಇಮೇಲಿನ ಅಡ್ಡಗೆರೆಯನ್ನು ಬಿಟ್ಟಿತು, 2016ರಲ್ಲಿ ಇಂಟರ್‌ನೆಟ್ಟನ್ನು ಸ್ಮಾಲ್ ಲೆಟರಿಗೆ ಇಳಿಸಿತು. ಈ ಮಾತು ತೆಗೆದಾಗ ಮೇಷ್ಟರು, ‘ನಿಯಮ ಅಂದಮೇಲೆ ನಿಯಮ’ ಎಂದರು. 1787ರ ಅಮೆರಿಕ ಸಂವಿಧಾನದ ಮೂಲಪ್ರತಿಯಲ್ಲಿ ಸಾಮಾನ್ಯ ನಾಮಪದಗಳೂ ಬಹುಪಾಲು ದೊಡ್ಡಕ್ಷರದಿಂದಲೇ ಶುರುವಾಗುತ್ತವೆ. ಅದನ್ನೇ ಪ್ರೂಫಿಗೆ ಕೊಟ್ಟಿದ್ದರೆ, ಇಂದಿನ ನಿಯಮದಂತೆ ಅವನ್ನೆಲ್ಲ ಚಿಕ್ಕಕ್ಷರಕ್ಕೆ ಇಳಿಸುವುದರಲ್ಲೇ ಇವರ ಕೆಂಪು ಶಾಯಿ ಮೊದಲ ಪುಟದಲ್ಲೇ ಮುಗಿಯುತ್ತಿತ್ತು. ದೊಡ್ಡಕ್ಷರ, ಚಿಕ್ಕಕ್ಷರದ ಭೇದವೇ ಇಲ್ಲದ ಲಿಪಿಯಲ್ಲಿ ಅಕ್ಷರಾಭ್ಯಾಸ ಮಾಡಿದವರು ನಾವು. ಶಾಲೆಯಲ್ಲಿ ಒಮ್ಮೆ ಕಲಿತದ್ದನ್ನು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲವೇನೋ.

ನಿಜವಾದ ಎಡವಟ್ಟು ಆದದ್ದು ಊರಿನ ಹೆಸರಿನಲ್ಲಿ. ಇಂಗ್ಲಿಷಿನಲ್ಲಿ ‘ತುಮ್ಕೂರ್’ ಎಂದಿದ್ದದ್ದು 2014ರ ನವೆಂಬರ್ 1ರಿಂದ ಅಧಿಕೃತವಾಗಿ ‘ತುಮಕೂರು’ ಆಗಿದೆಯಾದ್ದರಿಂದ ಹೊಸ ಕಾಗುಣಿತವನ್ನೇ ಬಳಸಿ ಎಂದು ಹೇಳಿದ್ದೆವು. ಕಂಪ್ಯೂಟರಿನ ಮುಂದಿದ್ದ ಹುಡುಗ ಒಂದೇ ಏಟಿಗೆ ಎಲ್ಲವನ್ನೂ ಬದಲಿಸಿದ. ವಿಶ್ವವಿದ್ಯಾಲಯ ಇಂಗ್ಲಿಷಿನಲ್ಲಿ ಇಂದಿಗೂ ‘ತುಮ್ಕೂರ್ ಯೂನಿವರ್ಸಿಟಿ’. ಅದರ ಹೆಸರೂ ಬದಲಾಗಿ ಲೇಖಕರ ಪರಿಚಯದ ಪುಟದಲ್ಲಿ ಏಳು ಕಡೆ ಅಚ್ಚಾಯಿತು. ಕೊನೆಯ ಪ್ರೂಫನ್ನು ಅವಸರದಲ್ಲಿ ನೋಡಿ ಸಹಿ ಹಾಕಿದ್ದು ನಾನೇ ಆದರೂ, ಅಂಗಡಿಯವರು ವಾದ ಮಾಡದೆ ಆ ಪುಟವನ್ನು ತಮ್ಮ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿಸಿಕೊಟ್ಟರು.

ಮದುವೆಯ ಕರೆಯೋಲೆ, ಲೆಟರ್‌ಹೆಡ್‌ನಂಥ ಕೆಲಸಕ್ಕೆ ಈ ಅಂಗಡಿಗೆ ಧೈರ್ಯವಾಗಿ ಹೋಗಬಹುದು. ಉದ್ದದ ಇಂಗ್ಲಿಷ್ ಬರಹವಿದ್ದರೆ ಮಾತ್ರ, ಯಾವ ಪದಕ್ಕೆ ಕ್ಯಾಪಿಟಲ್ ಬೇಕು, ಯಾವ ಹೆಸರನ್ನು ಮುಟ್ಟಬಾರದು ಎಂದು ಒಂದು ಚೀಟಿಯಲ್ಲಿ ಬರೆದು ಮೇಷ್ಟರ ಕೈಗೇ ಕೊಡಿ. ಎರಡನೆಯ ಸಲ ನಾನು ಹಾಗೆ ಕೊಟ್ಟಾಗ ಅವರು ಚೀಟಿಯಲ್ಲೇ ಎರಡು ತಪ್ಪು ತಿದ್ದಿ, ಉಳಿದದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದರು.